ಹೀಟರ್ ಕಾಯಿಲ್ ಬಿಚ್ಚಿಸುವ ಮೊದಲು ವಾಲ್ವ್ ಇದೆಯೇ ನೋಡಿ

ಪ್ರಶ್ನೆ: ನಾವು ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ, ನಂದಿ ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿದ್ದೇವೆ. ನನ್ನ ತಾಯಿಗೆ 68 ವರ್ಷ. ವಾರಕ್ಕೆ ಎರಡು ದಿನ ಅವರನ್ನು ಡಯಾಲಿಸಿಸ್‌ಗಾಗಿ ಬೆಂಗಳೂರಿಗೆ ಕರೆದೊಯ್ಯುತ್ತೇನೆ. ಬೆಳಗಿನ ಪಾಳಿಯಾದ್ದರಿಂದ ನಾಲ್ಕೂವರೆಗೇ ಮನೆ ಬಿಡಬೇಕು. ಕಾರು 2006ರ ಮಾದರಿ, ಪೆಟ್ರೋಲ್, ಎ.ಸಿ. ಇದೆ. ಎರಡು ಚಳಿಗಾಲದಿಂದ ಹೀಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಗಾಳಿ ಜೋರಾಗಿಯೇ ಬರುತ್ತದೆ. ಊರೊಳಗೆ ಸ್ವಲ್ಪ ಬೆಚ್ಚಗಿರುತ್ತದೆ, ಹೆದ್ದಾರಿ ಸೇರಿ 80ರ ವೇಗದಲ್ಲಿ ಹೋದರೆ ಅದೂ ತಣ್ಣಗಾಗುತ್ತದೆ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಕೂತರೂ ದೇವನಹಳ್ಳಿ ದಾಟುವವರೆಗೆ ಅಮ್ಮ ನಡುಗುತ್ತಲೇ ಇರುತ್ತಾರೆ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಹೀಟರ್ ಕಾಯಿಲ್ ಬದಲಿಸಬೇಕು, ಎರಡು ದಿನ ಗಾಡಿ ಬಿಡಿ ಎಂದು ಗ್ಯಾರೇಜಿನವರು ಹೇಳುತ್ತಾರೆ. ಅಷ್ಟು ಖರ್ಚು ಮಾಡಲೇಬೇಕೆ? ರೇಡಿಯೇಟರ್‌ಗೆ ಮನೆಯ ಬೋರ್‌ವೆಲ್ ನೀರನ್ನೇ ಹಾಕುತ್ತೇವೆ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಗಾಡಿ ಒಮ್ಮೆ ಬಿಸಿಯಾಗಿ ದಾರಿಯಲ್ಲೇ ನಿಂತಿತ್ತು. ಆಗ ರಿಪೇರಿ ಮಾಡಿಸಿದ್ದೆವು. ಆಮೇಲೆ ಆ ತೊಂದರೆ ಬಂದಿಲ್ಲ.

ಉತ್ತರ: ಡ್ಯಾಶ್‌ಬೋರ್ಡ್ ಬಿಚ್ಚಿಸಬೇಡಿ, ಈಗಲೇ ಅಂತೂ ಬೇಡ. ನಿಮ್ಮ ಪತ್ರದ ಎರಡು ಮಾತುಗಳನ್ನು ನಾನು ಮತ್ತೆ ಮತ್ತೆ ಓದಿದೆ. ವೇಗ ಹೆಚ್ಚಿದಂತೆ ಗಾಳಿ ತಣ್ಣಗಾಗುತ್ತದೆ ಎಂಬುದು ಒಂದು. ಏಪ್ರಿಲ್‌ನಲ್ಲಿ ಗಾಡಿ ಬಿಸಿಯಾಗಿ ರಿಪೇರಿಯಾದ ವರ್ಷದ ಚಳಿಗಾಲದಿಂದಲೇ ಹೀಟರ್ ಕೈಕೊಟ್ಟಿದೆ ಎಂಬುದು ಇನ್ನೊಂದು. ಇವೆರಡನ್ನೂ ಜೋಡಿಸಿದರೆ ನನ್ನ ಅನುಮಾನ ಕಾಯಿಲ್ ಮೇಲೆ ಹೋಗುವುದಿಲ್ಲ. ಅಂದು ರಿಪೇರಿಯ ಹೆಸರಿನಲ್ಲಿ ಎಂಜಿನ್‌ನ ಥರ್ಮೋಸ್ಟಾಟ್ ವಾಲ್ವ್ ತೆಗೆದು ಗಾಡಿಯನ್ನು ನಿಮಗೆ ಕೊಟ್ಟಿರಬೇಕು. ಇಲ್ಲವೇ ಆಗ ಹಾಕಿದ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹಳೆಯ ಗಾಡಿಗಳ ಜೊತೆ ಮೂವತ್ತು ವರ್ಷ ಕಳೆದಿದ್ದೇನೆ. ಹೀಟರ್ ಬಿಸಿಯಾಗುವುದಿಲ್ಲ ಎಂದು ಬಂದ ಗಾಡಿಗಳಲ್ಲಿ ವಾಲ್ವ್ ಇರಬೇಕಾದ ಜಾಗ ಖಾಲಿ ಇದ್ದದ್ದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ.

ಕಾರಿನ ಹೀಟರ್‌ಗೆ ತನ್ನದೇ ಆದ ಒಲೆ ಇಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಪೆಟ್ರೋಲ್ ಸುಟ್ಟು ಹುಟ್ಟುವ ಶಾಖದಲ್ಲಿ ಗಾಡಿ ಓಡಿಸಲು ಒದಗುವುದು ಸುಮಾರು ಕಾಲು ಭಾಗ. ಮಿಕ್ಕದ್ದರಲ್ಲಿ ಒಂದು ಪಾಲು ಸೈಲೆನ್ಸರ್ ದಾರಿ ಹಿಡಿಯುತ್ತದೆ, ಇನ್ನೊಂದು ಪಾಲು ಎಂಜಿನ್ ಸುತ್ತ ಹರಿಯುವ ನೀರಿಗೆ ಸೇರುತ್ತದೆ. ಆ ನೀರಿನ ಒಂದು ಕವಲು ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡ್ ಒಳಗಿರುವ ಪುಟ್ಟ ರೇಡಿಯೇಟರ್‌ಗೆ ಹೋಗಿ ಬರುತ್ತದೆ. ಅದನ್ನೇ ನಾವು ಹೀಟರ್ ಕಾಯಿಲ್ ಎನ್ನುತ್ತೇವೆ. ಬ್ಲೋವರ್ ಅದರ ಮೇಲೆ ಗಾಳಿ ಊದುತ್ತದೆ, ಅಷ್ಟೇ. ಎಂಜಿನ್ ನೀರು 85–90 ಡಿಗ್ರಿಯಲ್ಲಿದ್ದರೆ ಕಾಲಿನ ಬಳಿ ಬರುವ ಗಾಳಿ ಕೈ ಸುಡುವ ಹಾಗಿರುತ್ತದೆ. ಎಂಜಿನ್ ನೀರೇ 50ರಲ್ಲಿದ್ದರೆ ಹೊಚ್ಚ ಹೊಸ ಕಾಯಿಲ್ ತಂದು ಕೂರಿಸಿದರೂ ಉಗುರು ಬೆಚ್ಚಗಿನ ಗಾಳಿಗಿಂತ ಹೆಚ್ಚಿನದೇನೂ ಸಿಗುವುದಿಲ್ಲ.

ಆ ನೀರನ್ನು ಬಿಸಿಯಾಗಿ ಹಿಡಿದಿಡುವುದೇ ವಾಲ್ವ್‌ನ ಕೆಲಸ. ನಮ್ಮ ಹೆಬ್ಬೆಟ್ಟಿಗಿಂತ ತುಸು ದಪ್ಪನೆಯ ಹಿತ್ತಾಳೆಯ ಗುಬುಟು, ಅದರೊಳಗೆ ಮೇಣ, ಸುತ್ತ ಒಂದು ಸ್ಪ್ರಿಂಗ್. ನೀರು ತಣ್ಣಗಿರುವಾಗ ವಾಲ್ವ್ ಮುಚ್ಚಿರುತ್ತದೆ. ನೀರು ಎಂಜಿನ್ ಒಳಗೆ ಮತ್ತು ಹೀಟರ್ ಕಾಯಿಲ್‌ನಲ್ಲಿ ಮಾತ್ರ ಸುತ್ತುತ್ತದೆ, ಮುಂದಿನ ದೊಡ್ಡ ರೇಡಿಯೇಟರ್‌ಗೆ ಹೋಗುವುದಿಲ್ಲ. ಅದರ ಮೇಲೆ ಒತ್ತಿರುವ ಅಂಕಿಯ ಹತ್ತಿರ, ಸಾಮಾನ್ಯವಾಗಿ 82 ಅಥವಾ 88 ಡಿಗ್ರಿಗೆ, ಮೇಣ ಕರಗಿ ಹಿಗ್ಗಿ ಬಾಯಿ ತೆರೆಯುತ್ತದೆ. ವಾಲ್ವ್ ಇಲ್ಲದಿದ್ದರೆ ಗಾಡಿ ಚಾಲೂ ಮಾಡಿದ ಕ್ಷಣದಿಂದಲೇ ನೀರೆಲ್ಲ ರೇಡಿಯೇಟರ್‌ಗೆ ಹರಿಯುತ್ತದೆ. ಊರೊಳಗೆ ನಿಧಾನವಾಗಿ ಹೋಗುವಾಗ ರೇಡಿಯೇಟರ್‌ಗೆ ಗಾಳಿ ಕಡಿಮೆ, ಆದ್ದರಿಂದ ನೀರು ಹೇಗೋ ಸ್ವಲ್ಪ ಬಿಸಿಯಾಗುತ್ತದೆ. ಜನವರಿಯ ನಸುಕಿನಲ್ಲಿ, 12–13 ಡಿಗ್ರಿಯ ಗಾಳಿಯನ್ನು 80ರ ವೇಗದಲ್ಲಿ ಸೀಳಿಕೊಂಡು ಹೋದರೆ ಎಂಜಿನ್ ಹುಟ್ಟಿಸುವ ಶಾಖಕ್ಕಿಂತ ರೇಡಿಯೇಟರ್ ಕಳೆಯುವುದೇ ಹೆಚ್ಚಾಗುತ್ತದೆ. ನಿಮ್ಮ ತಾಯಿಯವರ ಪಾಲಿನ ಶಾಖ ಹೆದ್ದಾರಿಯ ಗಾಳಿಗೆ ಹೋಗುತ್ತಿದೆ.

ಕಾಯಿಲ್ ಕಟ್ಟಿಕೊಂಡಿದ್ದರೆ ಲಕ್ಷಣ ಬೇರೆ ಇರುತ್ತಿತ್ತು. ಎಂಜಿನ್ ವೇಗವಾಗಿ ತಿರುಗಿದಾಗ ನೀರಿನ ಪಂಪ್ ಕೂಡ ವೇಗವಾಗಿ ತಿರುಗುತ್ತದೆ. ಕಟ್ಟಿಕೊಂಡ ಕಾಯಿಲ್‌ನಲ್ಲೂ ಸ್ವಲ್ಪ ಹೆಚ್ಚು ನೀರು ನುಗ್ಗಿ ಗಾಳಿ ಒಂದಿಷ್ಟು ಬೆಚ್ಚಗಾಗಬೇಕೇ ಹೊರತು ತಣ್ಣಗಾಗಬಾರದು. ನಿಂತಾಗ ತಣ್ಣಗೆ, ಆಕ್ಸಿಲರೇಟರ್ ಒತ್ತಿದರೆ ಬಿಸಿ ಎಂದು ನೀವು ಬರೆದಿದ್ದರೆ ನೀರು ಕಡಿಮೆ ಇದೆ, ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಥವಾ ಪಂಪ್ ಸವೆದಿದೆ ಎನ್ನುತ್ತಿದ್ದೆ. ನಿಮ್ಮದು ಅದರ ತದ್ವಿರುದ್ಧ.

ವಾಲ್ವ್ ಯಾಕೆ ತೆಗೆಯುತ್ತಾರೆ? ಬೇಸಿಗೆಯಲ್ಲಿ ಗಾಡಿ ಬಿಸಿಯಾಗಿ ನಿಲ್ಲುತ್ತದೆ. ಮಾಲೀಕರಿಗೆ ಅಂದೇ ಗಾಡಿ ಬೇಕು. ವಾಲ್ವ್ ತೆಗೆದರೆ ನೀರು ಅಡೆತಡೆಯಿಲ್ಲದೆ ಓಡುತ್ತದೆ, ಟೆಂಪರೇಚರ್ ಮುಳ್ಳು ಕೆಳಗಿಳಿಯುತ್ತದೆ, ಎಲ್ಲರಿಗೂ ಸಮಾಧಾನ. 'ನಮ್ಮ ಕಡೆ ಹಿಮ ಬೀಳುತ್ತದೆಯೇ, ವಾಲ್ವ್ ಯಾಕೆ' ಎಂಬ ಮಾತನ್ನು ನಾನು ಕೆಲಸ ಕಲಿಯುವಾಗ ಹಿರಿಯರ ಬಾಯಲ್ಲೇ ಕೇಳಿದ್ದೇನೆ. ಅವರದು ದುರುದ್ದೇಶವಲ್ಲ. ಆದರೆ ಅದು ತಪ್ಪು, ಮತ್ತು ಆ ತಪ್ಪಿನ ಬೆಲೆ ಹೀಟರ್‌ಗೆ ಮಾತ್ರ ಸೀಮಿತವಲ್ಲ. ಎಂಜಿನ್ ತಣ್ಣಗಿದೆ ಎಂದು ಕಂಪ್ಯೂಟರ್ ತಿಳಿದು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಹೋಗುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆಯುತ್ತದೆ, ಆಯಿಲ್‌ನಲ್ಲಿ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ. ನಿಮ್ಮ ಗಾಡಿಯ ಆಯಿಲ್ ಮುಚ್ಚಳ ತೆಗೆದು ಒಳಮೈ ನೋಡಿ. ಬೆಣ್ಣೆಯಂಥ ಬಿಳಿಹಳದಿ ಜಿಡ್ಡು ಅಂಟಿದ್ದರೆ ಎಂಜಿನ್ ಎಂದೂ ಸರಿಯಾಗಿ ಬಿಸಿಯಾಗುತ್ತಿಲ್ಲ ಎಂದೇ ಅರ್ಥ ಮಾಡಿಕೊಳ್ಳಬಹುದು. ಜೊತೆಗೆ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ತಲೆಭಾಗಕ್ಕೂ ಕೆಳಭಾಗಕ್ಕೂ ನಡುವೆ ಸೋರದಂತೆ ಇಡುವ ಪದರ) ಪರೀಕ್ಷಿಸಲೇಬೇಕು. ಪೆಟ್ರೋಲ್ ಖರ್ಚು ಎರಡು ವರ್ಷದಿಂದ ಹೆಚ್ಚಾಗಿದೆಯೇ ಎಂದೂ ನೆನಪಿಸಿಕೊಳ್ಳಿ.

ಇದರ ಜೊತೆಗೇ ಇನ್ನೊಂದು ಕೆಲಸ ಮಾಡಿರುತ್ತಾರೆ: ರೇಡಿಯೇಟರ್ ಫ್ಯಾನ್ ಅನ್ನು 'ಡೈರೆಕ್ಟ್' ಮಾಡುವುದು. ನೀರು ಬಿಸಿಯಾದಾಗ ಮಾತ್ರ ತಿರುಗಬೇಕಾದ ಫ್ಯಾನ್ ಕೀ ತಿರುಗಿಸಿದ ಕೂಡಲೇ ತಿರುಗಲು ಶುರುವಾಗುತ್ತದೆ. ನಾಳೆ ನಸುಕಿನಲ್ಲಿ ಎ.ಸಿ. ಆಫ್ ಇಟ್ಟು ಗಾಡಿ ಚಾಲೂ ಮಾಡಿ, ಬಾನೆಟ್ ಎತ್ತಿ ನೋಡಿ. ತಣ್ಣಗಿರುವ ಎಂಜಿನ್ ಮುಂದೆ ಫ್ಯಾನ್ ಭರ್ರೆಂದು ತಿರುಗುತ್ತಿದ್ದರೆ ಅದನ್ನೂ ಸರಿಪಡಿಸಬೇಕು.

ಬಾನೆಟ್ ಎತ್ತಿದ್ದೀರಲ್ಲ, ಮುಖ್ಯ ಪರೀಕ್ಷೆಯನ್ನೂ ಆಗಲೇ ಮಾಡಿಬಿಡಿ. ಇದಕ್ಕೆ ಬೇಕಾದದ್ದು ಒಂದು ಕೈ, ಒಂದು ಟಾರ್ಚ್, ಹತ್ತು ನಿಮಿಷ. ಗಾಡಿ ರಾತ್ರಿಯೆಲ್ಲ ನಿಂತಿರಬೇಕು, ನಿಂತ ಜಾಗ ಬಯಲಾಗಿರಬೇಕು. ಶಾಲು, ದುಪಟ್ಟಾ, ಸಡಿಲ ತೋಳು ಏನಿದ್ದರೂ ಬಿಗಿದು ಕಟ್ಟಿಕೊಳ್ಳಿ; ಬೆಲ್ಟ್ ಮತ್ತು ಫ್ಯಾನ್ ಹತ್ತಿರ ಬೆರಳು ಹೋಗಕೂಡದು. ಎಂಜಿನ್‌ನ ಮೇಲ್ಭಾಗದಿಂದ ರೇಡಿಯೇಟರ್‌ಗೆ ಹೋಗುವ ದಪ್ಪ ಹೋಸ್ ಪೈಪ್ ಒಂದಿದೆ. ಅದರ ರೇಡಿಯೇಟರ್ ತುದಿಯನ್ನು ಮುಟ್ಟಿ. ವಾಲ್ವ್ ಸರಿಯಿದ್ದರೆ ಎಂಜಿನ್ ಬಿಸಿಯಾಗುತ್ತ ಹೋದರೂ ಆ ತುದಿ ಬಹಳ ಹೊತ್ತು ತಣ್ಣಗೇ ಉಳಿದು, ಮುಳ್ಳು ಮಧ್ಯದ ಹತ್ತಿರ ಬಂದಾಗ ಒಮ್ಮೆಗೇ ಬಿಸಿಯಾಗುತ್ತದೆ. ಆ ಬದಲಾವಣೆ ಕೈಗೆ ಎಷ್ಟು ಸ್ಪಷ್ಟವಾಗಿ ತಿಳಿಯುತ್ತದೆಂದರೆ ಒಮ್ಮೆ ಅನುಭವಕ್ಕೆ ಬಂದವರು ಮರೆಯುವುದಿಲ್ಲ. ಹಾಗಲ್ಲದೆ, ಚಾಲೂ ಮಾಡಿದ ಎರಡು ಮೂರು ನಿಮಿಷದಿಂದಲೇ ಪೈಪು ಇಷ್ಟಿಷ್ಟೇ ಬೆಚ್ಚಗಾಗುತ್ತ ಬಂದರೆ ವಾಲ್ವ್ ಇಲ್ಲ, ಅಥವಾ ಮುಚ್ಚಿಕೊಳ್ಳುತ್ತಿಲ್ಲ.

ಟೆಂಪರೇಚರ್ ಮುಳ್ಳಿನ ವಿಷಯ ನೀವು ಬರೆದಿಲ್ಲ. ಹೆದ್ದಾರಿಯಲ್ಲಿ ಹದಿನೈದು ಕಿಲೋಮೀಟರ್ ಹೋದ ಮೇಲೂ ಅದು ತಳದಲ್ಲೇ ಇದ್ದರೆ, ಅಥವಾ ಊರೊಳಗೆ ಏರಿದ್ದು ಹೆದ್ದಾರಿಯಲ್ಲಿ ಇಳಿದರೆ, ನನ್ನ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು. ಹಳೆಯ ಲಾರಿ ಚಾಲಕರು ಚಳಿಗಾಲದಲ್ಲಿ ರೇಡಿಯೇಟರ್ ಮುಂದೆ ಗೋಣಿತಟ್ಟು ಕಟ್ಟುತ್ತಿದ್ದರು, ನೋಡಿರಬಹುದು. ಅದನ್ನೇ ನೀವು ಪರೀಕ್ಷೆಗೆ ಬಳಸಬಹುದು. ರೇಡಿಯೇಟರ್‌ನ ಅರ್ಧ ಭಾಗಕ್ಕೆ ಮಾತ್ರ ರಟ್ಟು ಅಡ್ಡ ಕಟ್ಟಿ, ಅದು ಫ್ಯಾನ್‌ಗೆ ತಾಗದಂತೆ ನೋಡಿಕೊಂಡು, ಒಂದು ನಸುಕಿನಲ್ಲಿ ಹತ್ತು ಕಿಲೋಮೀಟರ್ ಓಡಿಸಿ. ಮುಳ್ಳು ಏರಿ ಹೀಟರ್ ಬಿಸಿಯಾದರೆ ಕಾಯಿಲ್‌ನ ತಪ್ಪಿಲ್ಲ. ಮುಳ್ಳಿನ ಮೇಲೆ ಕಣ್ಣಿಡಿ, ವಾಹನ ದಟ್ಟಣೆಗೆ ಸಿಕ್ಕುವ ಮೊದಲೇ ರಟ್ಟು ತೆಗೆಯಿರಿ. ಇದು ಪರೀಕ್ಷೆ ಮಾತ್ರ. ಇದನ್ನೇ ಪರಿಹಾರ ಮಾಡಿಕೊಂಡು ಬೆಂಗಳೂರಿನವರೆಗೆ ಹೋಗಬೇಡಿ.

ಆದರೂ ಕಾಯಿಲ್ ಪೂರ್ತಿ ನಿರ್ದೋಷಿ ಎಂದು ನಾನು ಹೇಳಲಾರೆ. ಬೋರ್‌ವೆಲ್ ನೀರಿನ ಮಾತು ಓದಿ ಮನಸ್ಸಿಗೆ ಕಸಿವಿಸಿಯಾಯಿತು. ಅರ್ಕಾವತಿ, ಪಾಲಾರ್, ಪಿನಾಕಿನಿಗಳು ಹುಟ್ಟುವ ಬೆಟ್ಟಸಾಲಿನ ಬುಡದಲ್ಲಿದ್ದೂ ನಾವು ಸಾವಿರ ಅಡಿ ಕೊರೆದು ನೀರು ತೆಗೆಯುತ್ತಿದ್ದೇವೆ. ಅಷ್ಟು ಆಳದ ಬಂಡೆಯ ಸಂದಿನಿಂದ ಬರುವ ನೀರು ಖನಿಜಗಳನ್ನು ಹೊತ್ತುಕೊಂಡೇ ಬರುತ್ತದೆ. ನಿಮ್ಮ ಹಂಡೆಯ ಒಳಮೈಯಲ್ಲಿ, ಗೀಸರ್ ಕಾಯಿಲ್‌ನ ಮೇಲೆ ಕಟ್ಟುವ ಬಿಳಿ ಪದರ ಅದೇ. ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದಂಶ ಕಲ್ಲಾಗಿ ಲೋಹಕ್ಕೆ ಅಂಟುತ್ತದೆ. ಹಂಡೆಯನ್ನಾದರೆ ಹುಣಸೆಹಣ್ಣು ಹಾಕಿ ಉಜ್ಜುತ್ತೀರಿ. ಎಂಜಿನ್ ಒಳಗೆ ಕೈ ಹೋಗುವುದಿಲ್ಲ. ನೀರು ಕಡಿಮೆಯಾಯಿತು ಎಂದು ಪ್ರತಿ ಸಲ ಒಂದು ಚೊಂಬು ಸೇರಿಸಿದಾಗಲೂ ಹೊಸ ಸುಣ್ಣ ಸೇರುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಸುಣ್ಣ ಒಳಗೇ ಉಳಿಯುತ್ತದೆ.

ಹೀಗೆ ಸತ್ತ ಕಾಯಿಲ್ ಒಂದನ್ನು ನಾನು ಒಮ್ಮೆ ಗರಗಸದಿಂದ ಕೊಯ್ದು ನೋಡಿದ್ದೆ. ಒಳಗಿನ ಚಪ್ಪಟೆ ಕೊಳವೆಗಳ ಬಾಯಿ ಮೊದಲೇ ಕಿರಿದು. ಅವುಗಳಲ್ಲಿ ಅರ್ಧಕ್ಕರ್ಧ ಬಿಳಿ ಕಲ್ಲಿನಿಂದ ಮುಚ್ಚಿಹೋಗಿದ್ದವು, ಉಳಿದವುಗಳಲ್ಲಿ ತುಕ್ಕಿನ ಕೆಂಪು ಕೆಸರು ಗಟ್ಟಿಯಾಗಿ ಕೂತಿತ್ತು. ಚಾಕುವಿನ ಮೊನೆಯಿಂದ ಕೆರೆದರೆ ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿತು. ಆ ಗಾಡಿಯ ಮಾಲೀಕರು ಕೂಡ ಮನೆಯ ನಲ್ಲಿಯ ನೀರನ್ನೇ ಹಾಕುತ್ತಿದ್ದವರು. ಅವರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತ ನಿಂತಿದ್ದರು.

ನಿಮ್ಮ ಕಾಯಿಲ್‌ನ ಸ್ಥಿತಿ ತಿಳಿಯಲು ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡು ಗೋಡೆಯ ಬಳಿ ಹೋಗಿ. ಹೆಬ್ಬೆರಳಿನ ಗಾತ್ರದ ಎರಡು ಹೀಟರ್ ಪೈಪುಗಳು ಅಲ್ಲಿ ಅಕ್ಕಪಕ್ಕದಲ್ಲಿ ಒಳಹೋಗುತ್ತವೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಯ ಕಡೆಗಿಟ್ಟು, ಗಾಡಿ ಆಫ್ ಮಾಡಿ, ಬಟ್ಟೆ ಹಿಡಿದು ಎರಡನ್ನೂ ಮುಟ್ಟಿ. ಆಫ್ ಮಾಡಿದ ಮೇಲೂ ಕೆಲವು ಗಾಡಿಗಳಲ್ಲಿ ಫ್ಯಾನ್ ತಾನಾಗಿ ತಿರುಗುವುದುಂಟು, ಎಚ್ಚರ. ಎರಡೂ ಪೈಪುಗಳು ಒಂದೇ ಸಮ ಬಿಸಿಯಿದ್ದರೆ ನೀರು ಚೆನ್ನಾಗಿ ಹರಿಯುತ್ತಿದೆ. ತೊಂದರೆ ಗಾಳಿಯ ಕಡೆ ಇದೆ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಕಾಯಿಲ್ ಕಟ್ಟಿದೆ, ಅಥವಾ ಗಾಳಿ ಸಿಕ್ಕಿಕೊಂಡಿದೆ, ಅಥವಾ ಆ ಪೈಪಿನಲ್ಲಿ ಹೀಟರ್ ವಾಲ್ವ್ ಇರುವ ಗಾಡಿಯಾದರೆ ಅದು ತೆರೆಯುತ್ತಿಲ್ಲ. ಎರಡೂ ಉಗುರು ಬೆಚ್ಚಗಿದ್ದರೆ ಎಂಜಿನ್ ನೀರೇ ಬಿಸಿಯಾಗಿಲ್ಲ. ನಿಮ್ಮದು ಈ ಮೂರನೆಯದೇ ಆಗಿರುತ್ತದೆಂದು ನನ್ನ ಎಣಿಕೆ. ಕಾಯಿಲ್‌ನ ನಿಜ ಬಣ್ಣ ತಿಳಿಯಬೇಕಾದರೆ ಥರ್ಮೋಸ್ಟಾಟ್ ವಾಲ್ವ್ ಹಾಕಿಸಿದ ಮೇಲೆ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. (ಕೊರೊನಾ ಕಾಲದಲ್ಲಿ ತಂದಿಟ್ಟ, ಹಣೆಗೆ ಹಿಡಿಯುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ಅದು ಮೈಯ ಬಿಸಿಯ ಆಸುಪಾಸಿನಲ್ಲಷ್ಟೇ ಅಳೆಯುತ್ತದೆ.)

ಹೊಸ ವಾಲ್ವ್‌ಗೆ ಕೆಲವು ನೂರು ರೂಪಾಯಿ ಆಗಬಹುದು. ನಿಮ್ಮ ಎಂಜಿನ್‌ಗೆ ಹೇಳಿದ ಡಿಗ್ರಿಯದ್ದನ್ನೇ ತನ್ನಿ; ತಂಪಿರಲಿ ಎಂದು ಕಡಿಮೆ ಡಿಗ್ರಿಯದ್ದನ್ನು ಹಾಕಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೂರಿಸುವ ಮೊದಲು ಮನೆಯ ಒಲೆಯ ಮೇಲೆ ಒಮ್ಮೆ ಪರೀಕ್ಷಿಸಿ. ಪಾತ್ರೆಯಲ್ಲಿ ನೀರಿಟ್ಟು ವಾಲ್ವ್ ಅನ್ನು ದಾರದಿಂದ ಇಳಿಬಿಡಿ, ತಳಕ್ಕೆ ತಾಗಬಾರದು. ನೀರಿನಲ್ಲಿ ಸಣ್ಣ ಗುಳ್ಳೆಗಳು ಏಳುವ ಹೊತ್ತಿಗೆ ಅದರ ತಟ್ಟೆ ಮೆಲ್ಲನೆ ಬಾಯಿ ಬಿಡಲು ಶುರುವಾಗುತ್ತದೆ, ಮರಳಿ ಕುದಿಯುವಾಗ ಚೆನ್ನಾಗಿ ತೆರೆದಿರುತ್ತದೆ. ಹೊರಗೆ ತೆಗೆದು ಹಿಡಿದರೆ ಕಣ್ಣ ಮುಂದೆಯೇ ಮುಚ್ಚಿಕೊಳ್ಳುತ್ತದೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವುದರಿಂದ ನಿಮ್ಮ ಅಡುಗೆಮನೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ; 88ರ ವಾಲ್ವ್ ಪರೀಕ್ಷಿಸಲು ಅದು ಧಾರಾಳ ಸಾಕು. ತಾಯಿಯವರಿಗೂ ಇದನ್ನು ತೋರಿಸಿ, ನೋಡಲು ಚೆನ್ನಾಗಿರುತ್ತದೆ. ಕೂರಿಸುವಾಗ ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗಿರಬೇಕು. ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದ್ದರೆ, ನಿಮ್ಮ ಎಂಜಿನ್‌ಗೆ ಬೇರೆ ಸೂಚನೆ ಇಲ್ಲದಿದ್ದಲ್ಲಿ, ಅದು ಮೇಲಕ್ಕಿರಬೇಕು. ಸಿಕ್ಕಿಕೊಂಡ ಗಾಳಿ ಹೊರಹೋಗುವುದು ಅಲ್ಲಿಂದಲೇ. ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್ ಹೊಸದಿರಲಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಆ ಏಪ್ರಿಲ್‌ನಲ್ಲಿ ಗಾಡಿ ಬಿಸಿಯಾದದ್ದಕ್ಕೆ ಒಂದು ಕಾರಣ ಇತ್ತು. ವಾಲ್ವ್ ತೆಗೆದದ್ದರಿಂದ ಆ ಕಾರಣ ಹೋಗಿಲ್ಲ, ಮರೆಯಾಗಿದೆ ಅಷ್ಟೇ. ಹಳೆಯ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡದ್ದೇ ಕಾರಣವಾಗಿದ್ದರೆ ಹೊಸದು ಹಾಕಿದರೆ ಮುಗಿಯಿತು. ಬೋರ್‌ವೆಲ್ ನೀರು ಕುಡಿದ ರೇಡಿಯೇಟರ್ ಅರ್ಧ ಕಟ್ಟಿಕೊಂಡಿದ್ದರೆ, ಹೊಸ ವಾಲ್ವ್ ಹಾಕಿದ ಮೇಲೆ ಬರುವ ಬೇಸಿಗೆಯಲ್ಲಿ ಗಾಡಿ ಮತ್ತೆ ಬಿಸಿಯಾಗುತ್ತದೆ, ಆಗ ವಾಲ್ವ್ ಮೇಲೆಯೇ ಗೂಬೆ ಕೂರಿಸಿ ಮತ್ತೆ ತೆಗೆಯುತ್ತಾರೆ. ಅದಕ್ಕಾಗಿ ವಾಲ್ವ್ ಹಾಕುವ ದಿನವೇ ರೇಡಿಯೇಟರ್ ಕೆಳಗಿಳಿಸಿ, ರೇಡಿಯೇಟರ್ ಕೆಲಸ ಬಲ್ಲವರಲ್ಲಿ ಶುದ್ಧ ಮಾಡಿಸಿ. ಫ್ಯಾನ್ ತನ್ನ ಸಮಯಕ್ಕೆ ಶುರುವಾಗುತ್ತಿದೆಯೇ ನೋಡಿ. ರೇಡಿಯೇಟರ್ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಮುಚ್ಚಳ ಬದಲಿಸಿ. ಆ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ನೀರು ಕುದಿಯುವ ಹಂತವನ್ನು 115–120 ಡಿಗ್ರಿಯವರೆಗೆ ಏರಿಸುತ್ತದೆ. ಬಿಸಿ ಗಾಡಿಯಲ್ಲಿ ಅದನ್ನು ತೆಗೆದರೆ ಒತ್ತಡ ಬಿಟ್ಟುಹೋಗಿ ನೀರು ಆ ಕ್ಷಣದಲ್ಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಆ ಸುಟ್ಟಗಾಯಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಗಾಡಿ ಪೂರ್ತಿ ತಣ್ಣಗಾಗದೆ ಮುಚ್ಚಳಕ್ಕೆ ಕೈ ಹಾಕಬೇಡಿ.

ವಾಲ್ವ್ ಹಾಕಿ ಮುಳ್ಳು ಸರಿಯಾದ ಮೇಲೂ ಒಂದು ಹೀಟರ್ ಪೈಪ್ ತಣ್ಣಗೇ ಇದ್ದರೆ ಕಾಯಿಲ್ ತೊಳೆಯಬೇಕು. ಅದಕ್ಕೂ ಡ್ಯಾಶ್‌ಬೋರ್ಡ್ ಬಿಚ್ಚುವುದು ಬೇಡ. ತಣ್ಣಗಿನ ಎಂಜಿನ್‌ನಲ್ಲಿ ತಗಡು ಗೋಡೆಯ ಬಳಿ ಎರಡೂ ಪೈಪುಗಳನ್ನು ಬಿಡಿಸಿ. ಹದಿನೆಂಟು ವರ್ಷ ದಾಟಿದ ರಬ್ಬರ್ ಲೋಹಕ್ಕೆ ಅಂಟಿಕೊಂಡಿರುತ್ತದೆ. ಎಳೆದಾಡಿದರೆ ಕಾಯಿಲ್‌ನ ತೆಳ್ಳಗಿನ ಕೊಳವೆಯೇ ಮುರಿಯಬಹುದು, ಆಗ ನಿಜಕ್ಕೂ ಡ್ಯಾಶ್‌ಬೋರ್ಡ್ ಬಿಚ್ಚಬೇಕಾದೀತು. ರಬ್ಬರ್ ಅನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದು ಹೊಸ ಪೈಪ್ ಹಾಕುವುದೇ ಜಾಣತನ. ಒಂದು ಬಾಯಿಗೆ ತುಂಡು ಪೈಪ್, ಆಲಿಕೆ ಕೂರಿಸಿ ಒಂದು ಲೀಟರ್ ನೀರು ಹುಯ್ಯಿರಿ. ಸರಾಗವಾಗಿ ಇನ್ನೊಂದು ಬಾಯಿಂದ ಹೊರಬಂದರೆ ಕಾಯಿಲ್ ಬದುಕಿದೆ. ಹನಿಹನಿಯಾಗಿ ತೊಟ್ಟಿಕ್ಕಿದರೆ ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂನಷ್ಟು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ತುಂಬಿಸಿ, ಇಪ್ಪತ್ತು ನಿಮಿಷ ಬಿಡಿ. ಸುಣ್ಣ ಇದ್ದರೆ ನೊರೆ ಏಳುತ್ತದೆ. ಆಮೇಲೆ ನೀರು ಸಾಮಾನ್ಯವಾಗಿ ಹರಿಯುವುದಕ್ಕೆ ವಿರುದ್ಧ ದಿಕ್ಕಿನಿಂದ, ನಲ್ಲಿಯನ್ನು ಸಣ್ಣಗೆ ಬಿಟ್ಟು, ತಿಳಿ ನೀರು ಬರುವವರೆಗೆ ತೊಳೆಯಿರಿ. ಬೇಕಾದರೆ ಇದನ್ನೇ ಎರಡು ಮೂರು ಸಲ ಮಾಡಿ. ಕೊನೆಯ ತೊಳೆತ ಡಿಸ್ಟಿಲ್ಡ್ ನೀರಿನಿಂದ ಆಗಲಿ. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಯಾರು ಹೇಳಿದರೂ ಬೇಡ. ಅದು ಸುಣ್ಣದ ಜೊತೆಗೆ ಅಲ್ಯುಮಿನಿಯಂ ಅನ್ನೂ ತಿನ್ನುತ್ತದೆ. ಒಂದು ಅಪಾಯವನ್ನು ಮುಚ್ಚಿಡದೆ ಹೇಳಬೇಕು: ತೀರಾ ಹಳೆಯ ಕಾಯಿಲ್‌ನಲ್ಲಿ ತೂತನ್ನು ಮುಚ್ಚಿ ಹಿಡಿದಿರುವುದೇ ಸುಣ್ಣ ಆಗಿರಬಹುದು. ತೊಳೆದ ಮೇಲೆ ಅದು ಸೋರಲು ಶುರುವಾದರೆ ಬದಲಿಸದೆ ದಾರಿಯಿಲ್ಲ.

ಕೂಲೆಂಟ್ (ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ಹಾಕಿದ ಗಾಡಿಯಲ್ಲಿ ಸೋರಿಕೆ ತಿಳಿಯುವುದು ಹೀಗೆ. ಹೀಟರ್ ಹಾಕಿದಾಗ ಸಿಹಿ ವಾಸನೆ ಬರುತ್ತದೆ, ಮುಂದಿನ ಗಾಜಿನ ಒಳಮೈಯಲ್ಲಿ ಒರೆಸಿದರೂ ಹೋಗದ ಜಿಡ್ಡಿನ ಮಬ್ಬು ಕಟ್ಟುತ್ತದೆ, ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಅಂಟಂಟಾಗಿ ಒದ್ದೆಯಾಗುತ್ತದೆ. ಎ.ಸಿ.ಯ ನೀರೂ ಅಲ್ಲಿ ಸೋರುವುದುಂಟು, ಅದು ಅಂಟುವುದಿಲ್ಲ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಹೊಟ್ಟೆಗೆ ಹೋದರೆ ಮೂತ್ರಪಿಂಡವನ್ನೇ ಕೆಡಿಸುವ ವಿಷ. ನಿಮ್ಮ ತಾಯಿಯವರು ಕೂರುವ ಗಾಡಿಯಲ್ಲಿ ಅದರ ಹಬೆ ಒಂದು ದಿನವೂ ಆಡಬಾರದು. ಸೋರಿಕೆ ಕಂಡರೆ ಹೊಸ ಕಾಯಿಲ್ ಬರುವವರೆಗೆ ಎಂಜಿನ್ ಕಡೆಯ ಎರಡೂ ಹೀಟರ್ ಪೈಪುಗಳನ್ನು ಒಂದಕ್ಕೊಂದು ಸೇರಿಸಿ ಕಾಯಿಲ್‌ಗೆ ನೀರು ಹೋಗದಂತೆ ಮಾಡಿಸಿ, ಗ್ಯಾರೇಜಿನವರು ಹೇಳಿದ ಎರಡು ದಿನವನ್ನು ಆಗ ಧಾರಾಳವಾಗಿ ಕೊಡಿ. ಹಳೆಯ ಕೂಲೆಂಟ್ ಅನ್ನು ಅಂಗಳದಲ್ಲಿ ಚೆಲ್ಲಬೇಡಿ. ಸಿಹಿಯಾಗಿರುವುದರಿಂದ ನಾಯಿಗಳು, ಮಕ್ಕಳು ಬಾಯಿ ಹಾಕುತ್ತಾರೆ.

ಮತ್ತೆ ತುಂಬಿಸುವಾಗ ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಸಮ ಇರಲಿ. ಬೆರೆಸಿಯೇ ಮಾರುವ ಕೂಲೆಂಟ್ ಆದರೆ ನೀರು ಸೇರಿಸಬೇಡಿ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ನೀರಿನ ಕ್ಯಾನ್ ಸಿಗುತ್ತದೆ, ಒಂದನ್ನು ಡಿಕ್ಕಿಯಲ್ಲಿಟ್ಟುಕೊಳ್ಳಿ. ಗಾಡಿಯ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಪೂರ್ತಿ ಬಿಸಿಯ ಕಡೆಗಿರಲಿ. ತಣ್ಣಗಿರುವಾಗಲೇ ಮುಚ್ಚಳ ತೆಗೆದು ನಿಧಾನವಾಗಿ ತುಂಬುತ್ತ, ಪೈಪುಗಳನ್ನು ಹಿಸುಕುತ್ತ ಹೋದರೆ ಗುಳುಗುಳು ಎಂದು ಗಾಳಿ ಹೊರಬರುತ್ತದೆ. ಚಾಲೂ ಮಾಡಿ ಮಟ್ಟ ಇಳಿದಂತೆ ಸೇರಿಸಿ, ನೀರು ಉಕ್ಕಿ ಬರುವ ಮೊದಲೇ ಮುಚ್ಚಳ ಹಾಕಿ, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಓಡಲು ಬಿಡಿ. ಮರುದಿನ ತಣ್ಣಗಾದ ಮೇಲೆ ಮಟ್ಟ ಮತ್ತೆ ನೋಡಿ. ಡ್ಯಾಶ್‌ಬೋರ್ಡ್ ಒಳಗೆ ನೀರು ಹರಿದ ಸದ್ದು ಕೇಳಿದರೆ ಇನ್ನೂ ಗಾಳಿ ಉಳಿದಿದೆ. ಎಷ್ಟು ಸಲ ತುಂಬಿಸಿದರೂ ಮಟ್ಟ ಇಳಿಯುತ್ತಿದ್ದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ರೇಡಿಯೇಟರ್ ಬಾಯಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ, ಹೀಟರ್ ವಿಷಯ ಬದಿಗಿಟ್ಟು ಹೆಡ್ ಗ್ಯಾಸ್ಕೆಟ್ ತೋರಿಸಿ.

ಗಾಳಿಯ ಕಡೆಯ ದೋಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ಬ್ಲೋವರ್ ಚೆನ್ನಾಗಿದೆ. ಬಿಸಿ-ತಂಪಿನ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದಾಗ ಒಳಗೆ ಬಾಗಿಲು ಬಡಿದ ಸಣ್ಣ ಸದ್ದು ಕೇಳಬೇಕು. ಗುಂಡಿ ಸಡಿಲವಾಗಿ ತಿರುಗಿದರೆ ಕೇಬಲ್ ಕೊಂಡಿ ಕಳಚಿದೆ. ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಾಕಿ ನೋಡಿದರೆ ಕಾಣಿಸುತ್ತದೆ.

ಇದೆಲ್ಲ ಆಗುವವರೆಗೂ ವಾರಕ್ಕೆ ಎರಡು ದಿನ ಹೋಗಲೇಬೇಕಲ್ಲ, ಅದರ ಯೋಚನೆ ನನಗಿದೆ. ಗಾಡಿ ಬಿಸಿಯಾಗಲಿ ಎಂದು ಮುಚ್ಚಿದ ಷೆಡ್ಡಿನಲ್ಲಿ ಚಾಲೂ ಇಟ್ಟು ತಾಯಿಯವರನ್ನು ಕೂರಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆ ಬಂದಂತಾಗಿ ಜೀವ ಹೋಗುತ್ತದೆ. ಕೆಂಡದ ಅಗ್ಗಿಷ್ಟಿಕೆಯನ್ನು ಗಾಡಿಯೊಳಗೆ ಇಡುವುದೂ ಅಷ್ಟೇ ಅಪಾಯ. ನಿಂತಲ್ಲೇ ಉರುಳುವ ಎಂಜಿನ್‌ಗಿಂತ ಓಡುವ ಎಂಜಿನ್ ಬೇಗ ಬಿಸಿಯಾಗುತ್ತದೆ, ಹಾಗಾಗಿ ಚಾಲೂ ಮಾಡಿ ಒಂದು ನಿಮಿಷ ಬಿಟ್ಟು ಮೆಲ್ಲಗೆ ಹೊರಡಿ. ಬಿಸಿನೀರಿನ ಚೀಲ ಇಡುವುದಾದರೆ ದಪ್ಪ ಟವೆಲ್ ಸುತ್ತಿ, ಮೊದಲು ನಿಮ್ಮ ಕೈಯಲ್ಲಿ ಹಿಡಿದು ನೋಡಿ. ತಾಯಿಯವರಿಗೆ ಸಕ್ಕರೆ ಕಾಯಿಲೆಯೂ ಇದ್ದರೆ ಪಾದಕ್ಕೆ ಬಿಸಿ ತಾಕಿದ್ದು ತಿಳಿಯದೆ ಬೊಕ್ಕೆ ಏಳಬಹುದು. ಪಾದದ ಬಳಿ ಇಡಲೇಬೇಡಿ, ಮಡಿಲಲ್ಲಿಡಿ. ಡಯಾಲಿಸಿಸ್ ಮಾಡುವ ಕೈಗೂ ಅದು ತಾಗದಿರಲಿ.

ಹೀಟರ್ ಸರಿಯಾದ ದಿನ ತಾಯಿಯವರನ್ನು ಹಿಂದಿನ ಸೀಟಿನಿಂದ ಮುಂದಕ್ಕೆ ಕರೆದು ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಕಾಲದ ಸಣ್ಣ ಕಾರುಗಳಲ್ಲಿ ಹಿಂದಕ್ಕೆ ಬಿಸಿಗಾಳಿ ಒಯ್ಯುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿ, ಬ್ಲೋವರ್ ಎರಡರಲ್ಲಿಡಿ. ಮುಳ್ಳು ಮೇಲೇರುವವರೆಗೆ ಬ್ಲೋವರ್ ಹಾಕಬೇಡಿ, ಸುಮ್ಮನೆ ತಣ್ಣನೆಯ ಗಾಳಿ ಬೀಸುತ್ತದೆ. ಮಂಜು ಕವಿದು ಗಾಜು ಮಸುಕಾದರೆ ಹೊರಗಿನ ಗಾಳಿ ಒಳಬರುವಂತೆ ಲಿವರ್ ತಿರುಗಿಸಿ, ಹೀಟರ್ ಜೊತೆಗೇ ಎ.ಸಿ. ಕೂಡ ಹಾಕಿ. ಎ.ಸಿ. ಗಾಳಿಯ ತೇವ ಹೀರುತ್ತದೆ, ಹೀಟರ್ ಅದನ್ನು ಬಿಸಿಮಾಡುತ್ತದೆ, ಗಾಜು ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತದೆ. ಎ.ಸಿ. ಎಂದರೆ ಚಳಿ ಎಂದು ತಾಯಿಯವರು ಗಾಬರಿಯಾದರೆ ಕಾಲಿನ ಬಳಿಯ ಗಾಳಿಗೆ ಕೈ ಹಿಡಿದು ನೋಡಲು ಹೇಳಿ.